ಮೂರನೇ ಬಿ ತರಗತಿಯ ಹಾಡು

ಆ ಕಾರ್ಡು ಬಂದು ಇವತ್ತಿಗೆ ಇಪ್ಪತ್ತೆರಡು ದಿನ. ಮೊದಲ ದಿನ ಕುನಿಯೊ ಅದನ್ನು ಲಾಂಡ್ರಿಯ ಚೀಟಿ ಪುಸ್ತಕದ ಅಡಿಯಲ್ಲಿ ಬಚ್ಚಿಟ್ಟ. ಹೆಂಡತಿ ನೊಬುಯೊ ಆ ಪುಸ್ತಕವನ್ನು ದಿನಕ್ಕೆ ನಲವತ್ತು ಸಲ ಎತ್ತಿಡುತ್ತಾಳೆಂಬುದು ನೆನಪಾಗಿ ಅಂಗಿಯ ಜೇಬಿಗೆ ಹಾಕಿಕೊಂಡ. ಉಗಿ ಇಸ್ತ್ರಿಯ ಮುಂದೆ ನಿಲ್ಲುವವನ ಜೇಬು ಹತ್ತೇ ನಿಮಿಷಕ್ಕೆ ಒದ್ದೆ ಬಟ್ಟೆಯಾಗುತ್ತದೆ. ಅದಕ್ಕೆಂದು ಒಗೆದ ಕೋಟುಗಳಿಗೆ ತೊಡಿಸುವ ಪ್ಲಾಸ್ಟಿಕ್ಕಿನ ತುಂಡೊಂದನ್ನು ಕತ್ತರಿಸಿ, ಕಾರ್ಡನ್ನು ಅದರಲ್ಲಿ ಸುತ್ತಿ, ಮತ್ತೆ ಅದೇ ಜೇಬಿಗೆ ಸೇರಿಸಿದ. ಈಗ ಬಗ್ಗಿದಾಗಲೆಲ್ಲ ಅದು ಎದೆಗೆ ಚುಚ್ಚಿ ಚರಚರ ಸದ್ದು ಮಾಡುತ್ತದೆ. ತೆಗೆದು ಓದುವ ಅಗತ್ಯವಿಲ್ಲ, ಬಾಯಿಪಾಠವಾಗಿದೆ. ಸಹಪಾಠಿಗಳ ಕೂಟಕ್ಕೆ ಅವನು ಐದು ವರ್ಷಕ್ಕೊಮ್ಮೆ ಕಳಿಸುವ ಜೋಡಿ ಕಾರ್ಡಿನ ಉತ್ತರದ ಅರ್ಧದಲ್ಲಿ ‘ದಯಮಾಡಿಸುವಿರಿ’, ‘ದಯಮಾಡಿಸಲಾಗದು’ ಎಂದು ಎರಡು ಸಾಲು ಅಚ್ಚಾಗಿರುತ್ತವೆ. ಉತ್ತರ ಬರೆಯುವವರು ತಮಗೆ ತಾವೇ ಗೌರವ ಕೊಟ್ಟುಕೊಳ್ಳಬಾರದೆಂದು ಆ ಮರ್ಯಾದೆಯ ಮಾತನ್ನು ಎರಡು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ‘ಬರುತ್ತೇನೆ’ ಎಂದು ಬರೆಯುವುದು ವಾಡಿಕೆ. ಈ ಕಾರ್ಡು ಅವನು ಕಳಿಸಿದ್ದಲ್ಲ. ಅಂಚೆ ಕಚೇರಿಯಲ್ಲಿ ಕೊಂಡ ಸಾದಾ ಕಾರ್ಡು. ಅದರ ಮೇಲೆ ಹಳೆಯ ಸಹಪಾಠಿಯೊಬ್ಬಳು ತಾನೇ ಸ್ಕೇಲು ಹಿಡಿದು ಗೆರೆ ಹಾಕಿ, ಎರಡೂ ಸಾಲುಗಳನ್ನು ಅಚ್ಚಿನಂತೆ ಗುಂಡಗೆ ಬರೆದು, ಆಮೇಲೆ ತಾನೇ ಬರೆದ ಮರ್ಯಾದೆಯನ್ನು ತಾನೇ ಹೊಡೆದುಹಾಕಿ, ಕೆಳಗೆ ‘ಬರುತ್ತೇನೆ. ಒಬಾತಾ ಕಯೋಕೊ’ ಎಂದಿದ್ದಳು. ಸತ್ತವರಿಗೆ ಯಾರೂ ಆಮಂತ್ರಣ ಕಳಿಸುವುದಿಲ್ಲವಲ್ಲ, ಅದಕ್ಕೆ ಅವಳೇ ಮಾಡಿಕೊಂಡಿದ್ದಾಳೆ.

ಒಬ್ಬಳು ಬದುಕಿದ್ದಾಳೆಂದು ತಿಳಿದಾಗ ಮನುಷ್ಯನಾದವನಿಗೆ ಮೊದಲು ಬರಬೇಕಾದದ್ದು ಸಂತೋಷ. ಕುನಿಯೊನಿಗೆ ಬಂದದ್ದು ‘ಅಯ್ಯೋ, ಸಿಕ್ಕಿಬಿದ್ದೆ’ ಎಂಬ ಒಂದೇ ಯೋಚನೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ. ಐವತ್ತೊಂಬತ್ತು ವರ್ಷ ತಾನು ಒಳ್ಳೆಯವನೆಂದು ಊರಿನವರೂ ನಂಬಿ, ಅವನೂ ನಂಬಿ, ನಡೆದುಕೊಂಡು ಬಂದಿತ್ತು. ಒಳ್ಳೆಯವನೆಂದರೆ ಏನು, ಕೌಂಟರಿನಲ್ಲಿ ಯಾರನ್ನೂ ಏನೂ ಕೇಳದವನು. ಲಾಂಡ್ರಿಯವನಿಗೆ ಊರಿನ ಸಾವೆಲ್ಲ ಮೊದಲೇ ಗೊತ್ತಾಗುತ್ತದೆ. ಕಪ್ಪು ಸೂಟು, ಕಪ್ಪು ಟೈ, ಊದುಬತ್ತಿಯ ವಾಸನೆ ಹಿಡಿದ ಕಪ್ಪು ಫ್ರಾಕು ಕೌಂಟರಿಗೆ ಬರುತ್ತವೆ. ಯಾರು, ಏನಾಗಿತ್ತು ಎಂದು ಕೇಳಬಾರದು. ‘ತುಂಬ ಆಯಾಸವಾಗಿರಬೇಕು’ ಎಂದು ತಲೆಬಾಗಿ ಚೀಟಿ ಹರಿದುಕೊಡಬೇಕು, ಅಷ್ಟೆ. ಐದೂವರೆ ವರ್ಷದ ಹಿಂದೆ ಕಯೋಕೊಳ ಅಣ್ಣ, ಬಸ್ ಡಿಪೋದ ಸೀಜಿ, ಕಪ್ಪು ಸೂಟು ತಂದಿಟ್ಟು, ಕಣ್ಣು ಕೆಂಪು ಮಾಡಿಕೊಂಡು, “ಸೆಂದಾಯ್‌ಗೆ ಹೋಗಿದ್ದೆ. ತಂಗಿ ಮನೇಲಿ…” ಎಂದಷ್ಟೇ ಹೇಳಿ ಬಾಯಿ ಮುಚ್ಚಿದ್ದ. ಕುನಿಯೊ ತಲೆಬಾಗಿದ್ದ. ಚೀಟಿ ಹರಿದುಕೊಟ್ಟಿದ್ದ. ಎರಡು ತಿಂಗಳ ಮೇಲೆ ಕೂಟಕ್ಕೆಂದು ಕಯೋಕೊಳಿಗೆ ಕಳಿಸಿದ ಕಾರ್ಡು ‘ಈ ವಿಳಾಸದಲ್ಲಿ ಇಲ್ಲ’ ಎಂಬ ಮೊಹರಿನೊಂದಿಗೆ ತಿರುಗಿ ಬಂತು. ಎರಡನ್ನೂ ಕೂಡಿಸಿದ. ಯಾರೂ ಅವನಿಗೆ ಕೂಡಿಸು ಎಂದಿರಲಿಲ್ಲ. ಸತ್ತದ್ದು ಅವಳ ಗಂಡ, ಅವಳು ಮನೆ ಖಾಲಿ ಮಾಡಿ ಚಿಕ್ಕದೊಂದು ಕೋಣೆಗೆ ಹೋಗಿದ್ದಳು, ಅಷ್ಟೇ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ತರಗತಿಯ ಸುದ್ದಿ ಮೊದಲು ತಿಳಿದವನು ತಾನು ಎಂಬ ಒಂದು ಸಣ್ಣ ಹೆಮ್ಮೆಯೂ ಆಗ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಕೂಟದ ದಿನ ತೀರಿಕೊಂಡವರ ಹೆಸರು ಓದಿದವನು ಅವನೇ. ಸತ್ತವರನ್ನು ಮನೆಗೆ ಕರೆಯುವ ಬೋನ್ ಹಬ್ಬದ ಎರಡನೆಯ ದಿನ, ಯಾವಾಗಲೂ ಕೂಟ ನಡೆಯುವ ಛತ್ರದ ಮೇಲಂತಸ್ತು, ಇಪ್ಪತ್ತಾರು ಜನ ಎದ್ದು ನಿಂತು ಒಂದು ನಿಮಿಷ ತಲೆ ತಗ್ಗಿಸಿದರು. ಹೊರಗೆ ಜೀರುಂಡೆಗಳು ಒಂದೇ ಸಮನೆ ಕಿರುಚುತ್ತಿದ್ದವು. ನಿಮಿಷ ಮುಗಿದ ಮೇಲೆ ಮಸುಮಿ ಮೂಗು ಸೀಟಿಕೊಂಡು, ಕಯೋಕೊ ಎಂಥ ಹುಡುಗಿ, ಎಷ್ಟು ಚೆನ್ನಾಗಿ ಹಾಡುತ್ತಿದ್ದಳು, ಆ ವರ್ಷ ಶಾಲೆಯ ಸಂಗೀತ ಸ್ಪರ್ಧೆಯಲ್ಲಿ ನಾವು ಗೆದ್ದದ್ದೇ ಅಂಥವರಿಂದ ಎಂದಳು. ಯಾರೂ ಇಲ್ಲವೆನ್ನಲಿಲ್ಲ. ಸತ್ತವರ ಮೇಲೆ ಯಾರಾದರೂ ಇಲ್ಲವೆನ್ನುತ್ತಾರೆಯೆ? ಕುನಿಯೊ ತನ್ನ ತಟ್ಟೆಯಲ್ಲಿದ್ದ ಹುರಿದ ಬದನೆಕಾಯನ್ನು ನೋಡುತ್ತ ಕುಳಿತಿದ್ದ. ಊಟವಾದ ಮೇಲೆ ಎಲ್ಲರೂ ಸೇರಿ ಒಂದು ಒಳ್ಳೆಯ ಊದುಬತ್ತಿ ಪೆಟ್ಟಿಗೆ ತರಿಸಿ, ನೇರಳೆ ಬಟ್ಟೆಯಲ್ಲಿ ಕಟ್ಟಿ, “ಅಣ್ಣನ ಮನೆಗೆ ನೀನೇ ಕೊಟ್ಟು ಬಾ, ಅವಳ ಫೋಟೋ ಮುಂದೆ ನಮ್ಮ ಪರವಾಗಿ ಕೈ ಮುಗಿ” ಎಂದು ಅವನ ಕೈಗಿಟ್ಟರು. ಅವನು ಹೋದ. ನಿಜವಾಗಿ ಹೋದ. ಒಬಾತಾ ಮನೆಯ ಗೇಟಿನವರೆಗೆ. ಸೀಜಿಯ ಹೆಂಡತಿ ಬೆನ್ನು ಹಾಕಿ ಬಟ್ಟೆ ಒಣಹಾಕುತ್ತಿದ್ದಳು. ಒಳಗೆ ಹೋಗಿ ಕಯೋಕೊಳ ಫೋಟೋದ ಎದುರು ಮಂಡಿಯೂರಿ ಕೂರಬೇಕು, ಅವಳ ಕಣ್ಣು ನೋಡಬೇಕು ಎಂದು ನೆನೆದಾಗ ಕಾಲು ಮುಂದೆ ಹೋಗಲಿಲ್ಲ. ಮರಳಿ ಬಂದ. ವಾರದ ಮೇಲೆ ಮಸುಮಿ ಕೇಳಿದಾಗ, “ಕೊಟ್ಟೆ. ಪಾಪ, ಅಣ್ಣ ತುಂಬ ಅತ್ತ” ಎಂದುಬಿಟ್ಟ. ‘ತುಂಬ ಅತ್ತ’ ಎಂಬುದನ್ನು ಏಕೆ ಸೇರಿಸಿದನೋ, ಅದೇ ಅವನನ್ನು ರಾತ್ರಿ ಹಗಲು ಕೊರೆಯುತ್ತದೆ. ನೇರಳೆ ಗಂಟು ಈಗಲೂ ಅಂಗಡಿಯ ಕಪಾಟಿನ ನೆತ್ತಿಯ ಮೇಲೆ, ಮುರಿದ ಹ್ಯಾಂಗರುಗಳ ಡಬ್ಬದ ಹಿಂದೆ ಇದೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಆ ಛತ್ರದ ಮೆಟ್ಟಿಲು ಹತ್ತಿ ಕಯೋಕೊ ಬಂದರೆ, ನಲವತ್ತೊಂದು ವರ್ಷ ತನ್ನವರಾಗಿದ್ದ ಜನರ ಎದುರು ತಾನು ಏನೆಂದು ತಿಳಿಯುತ್ತದೆ. ಅವನಿಗೆ ಬೇರೆ ಗೆಳೆಯರಿಲ್ಲ. ಹೈಸ್ಕೂಲಿನ ಕೊನೆಯ ವರ್ಷದ ಆ ಮೂರನೇ ಬಿ ತರಗತಿಯೇ ಅವನಿಗೆ ಎಲ್ಲ.

“ಏ ಕಡ್ಡಿ! ಒಳಗಿದೀಯೇನೋ?”

ಮಸುಮಿ ಬಾಗಿಲು ತಳ್ಳಿಕೊಂಡೇ ಒಳಗೆ ಬಂದಳು. ಅವಳದು ಎರಡು ಬೀದಿಯಾಚೆ ತೋಫು ಅಂಗಡಿ. ರಬ್ಬರ್ ಬೂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸಂಗೀತ ಸ್ಪರ್ಧೆಯಲ್ಲಿ ಅವನು ಊಟದ ಕಡ್ಡಿ ಹಿಡಿದು ಹಾಡಿಸುತ್ತಿದ್ದನೆಂದು ಅಂದಿನಿಂದ ಅವನ ಹೆಸರು ಕಡ್ಡಿ.

“ಛತ್ರದೋರು ಫೋನ್ ಮಾಡಿದ್ರು ಕಣೋ. ನಾಳೆಗೆ ಎಷ್ಟು ಎಲೆ ಅಂತ ಕೊನೇ ಸಲ ಕೇಳ್ತಿದಾರೆ. ಇಪ್ಪತ್ತೆರಡು ತಾನೆ?”

“ಇಪ್ಪತ್ತೆರಡು,” ಎಂದ ಕುನಿಯೊ. ಎದೆಯ ಜೇಬು ಚರ್ ಎಂದಿತು. “ಇಲ್ಲ… ಒಂದು ಜಾಸ್ತಿ ಹೇಳಿರು.”

“ಯಾಕೆ? ಯಾರಾದ್ರೂ ಹೊಸಬ್ರು ಹುಟ್ಕೊಂಡ್ರಾ?”

“ಯಾರಾದ್ರೂ ಬಂದ್ರೆ ಇರಲಿ ಅಂತ.”

“ನಮ್ಮ ವಯಸ್ಸಿಗೆ ಬರೋರಿಗಿಂತ ಹೋಗೋರೇ ಜಾಸ್ತಿ ಮಾರಾಯ. ಈ ಸಲ ಹೆಸರು ಓದೋದು ನಾಲ್ಕಾಯ್ತು ಅಲ್ವಾ? ಮೊದಲಿನ ಮೂರು, ಮೇಲೆ ನಮ್ಮ ಹೈಬಾರಾ. ಯಾಕೋ ಮುಖ ಹಿಂಗಿದೆ? ಊಟ ಮಾಡಿದ್ಯಾ? ನೊಬುಯೊ, ಇವನಿಗೆ ಊಟ ಹಾಕ್ತಿದೀಯಾ ಇಲ್ವಾ?”

“ಹಾಕಿದ್ರೂ ಇಳಿಯಲ್ಲ ಅಂತಾರೆ,” ಒಳಗಿನಿಂದ ನೊಬುಯೊಳ ದನಿ ಬಂತು. “ಇಪ್ಪತ್ತು ದಿನದಿಂದ ಇದೇ ಪಾಡು. ಕೂಟ ಅಂದ್ರೆ ಇವರು ಮದುವೆ ಗಂಡಿನ ಥರ ಆಡ್ತಾರೆ.”

ಹೇಳಬೇಕು. ಈಗ ಹೇಳಬೇಕು. ಮಸುಮಿ ಬಯ್ಯುತ್ತಾಳೆ, ಕೌಂಟರಿನ ಮೇಲೆ ಕೈ ಬಡಿಯುತ್ತಾಳೆ, ಆಮೇಲೆ ಏನಾದರೂ ದಾರಿ ಹೇಳುತ್ತಾಳೆ. ಶಾಲೆಯಲ್ಲೂ ಅವಳು ಹಾಗೆಯೇ. “ಮಸುಮಿ,” ಎಂದ. ಅವಳು ತಿರುಗಿದಳು. ಅವಳ ಕಿವಿಯ ಹಿಂದೆ ಸೋಯಾಬೀನಿನ ನೊರೆ ಒಣಗಿ ಅಂಟಿತ್ತು. ಈ ಹೆಂಗಸು ಐದು ವರ್ಷದ ಹಿಂದೆ ಕಯೋಕೊಳಿಗಾಗಿ ನಿಜವಾಗಿ ಅತ್ತಿದ್ದಾಳೆ, ತನ್ನ ಕೈಯಾರೆ ನೇರಳೆ ಗಂಟು ಕಟ್ಟಿದ್ದಾಳೆ. “ಏನೋ?” ಎಂದಳು. “ಬೂಟು ಜಾರುತ್ತೆ, ನೋಡ್ಕೊಂಡು ಹೋಗು,” ಎಂದ. ಅವಳು ನಕ್ಕು ಹೊರಟುಹೋದಳು. ನೆಲದ ಮೇಲೆ ಅವಳ ಬೂಟಿನ ನೀರು ಉಳಿಯಿತು. ಕುನಿಯೊ ಅದನ್ನು ಒರೆಸಿದ.

ಇಸ್ತ್ರಿ ಮೇಜಿನ ಮೇಲೆ ಯಾರದೋ ಮಗಳ ಶಾಲೆಯ ಸ್ಕರ್ಟು ಇತ್ತು, ಇಪ್ಪತ್ತನಾಲ್ಕು ನೆರಿಗೆಗಳದು. ಒಂದೊಂದನ್ನೇ ಬೆರಳಿನಿಂದ ಹಿಡಿದು ಉಗಿ ಬಿಡಬೇಕು. ಅವನ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಕಯೋಕೊಳ ಸ್ಕರ್ಟಿನ ನೆರಿಗೆ ಯಾವತ್ತೂ ನೆಟ್ಟಗಿರುತ್ತಿರಲಿಲ್ಲ. ತಾಯಿಯಿಲ್ಲದ ಮನೆ, ರಾತ್ರಿ ಹಾಸಿಗೆಯ ಅಡಿ ಇಟ್ಟು ಅದರ ಮೇಲೆ ಮಲಗುತ್ತೇನೆ, ಹೊರಳಿದರೆ ಕೆಟ್ಟಿತು ಎಂದು ಅವಳೇ ನಗುತ್ತ ಹೇಳುತ್ತಿದ್ದಳು. ತನ್ನಪ್ಪನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿಸಿಕೊಡುತ್ತೇನೆ ಎಂದು ಕುನಿಯೊ ಮೂರು ವರ್ಷ ಮನಸ್ಸಿನಲ್ಲೇ ಹೇಳಿದ. ಚಳಿಗಾಲದಲ್ಲಿ ಸಮುದ್ರದ ಗಾಳಿಗೆ ಹಿಮ ಅಡ್ಡಡ್ಡ ಹಾರಿಬರುತ್ತಿತ್ತು, ಇಡೀ ತರಗತಿ ಒಬ್ಬರ ಬೆನ್ನು ಒಬ್ಬರು ಹಿಡಿದು ಸಾಲಾಗಿ ನಿಲ್ದಾಣದವರೆಗೆ ನಡೆಯುತ್ತಿತ್ತು, ಮುಂದೆ ದಪ್ಪ ಹೈಬಾರಾ, ಗಾಳಿ ತಡೆಯುವುದಕ್ಕೆ. ಹೈಬಾರಾ ಈಗಿಲ್ಲ. ಶಾಲೆಯ ಅಂಗಡಿಗೆ ನೂಡಲ್ಸ್ ತುಂಬಿದ ಬ್ರೆಡ್ಡು ದಿನಕ್ಕೆ ಹನ್ನೆರಡೇ ಬರುತ್ತಿತ್ತು. ಗಂಟೆ ಹೊಡೆದೊಡನೆ ಓಡಿ ತಂದು ನಾಲ್ಕು ಜನ ಒಂದನ್ನು ಹರಿದು ತಿನ್ನುತ್ತಿದ್ದರು, ಕಯೋಕೊಳ ಪಾಲಿನ ನೂಡಲ್ಸ್ ಮೇಲಿದ್ದ ಉಪ್ಪಿನಕಾಯಿಯ ಕೆಂಪು ಶುಂಠಿಯನ್ನು ಅವಳು ಹಿಂದೆ ತಿರುಗದೆಯೇ ಅವನ ಮೇಜಿನ ಮೇಲಿಡುತ್ತಿದ್ದಳು. ಅದೊಂದು ಒಪ್ಪಂದ. ಯಾರೂ ಮಾತಿನಲ್ಲಿ ಮಾಡಿಕೊಂಡದ್ದಲ್ಲ. ಅಷ್ಟು ಸುಖವಾಗಿ ಅವನು ಆಮೇಲೆ ಎಲ್ಲಿಯೂ ಕೂತಿಲ್ಲ, ಅಷ್ಟು ಹಗುರವಾಗಿ ನಕ್ಕಿಲ್ಲ. ಆ ಮೂವತ್ತೆಂಟು ಜನರ ಹಾಜರಿ ಸಂಖ್ಯೆ ಅವನಿಗೆ ಇವತ್ತಿಗೂ ಬಾಯಿಗೆ ಬರುತ್ತದೆ. ಕಯೋಕೊ ಒಂಬತ್ತು.

ಹಾಡುವಾಗ ಅವಳು ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದಳು, ಕುಳ್ಳಿ. ಶ್ರುತಿ ಎಂಬುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ದನಿಯೋ, ಮೂವತ್ತೇಳು ಜನರನ್ನು ದಾಟಿ ಮೈದಾನದ ಆಚೆಗೆ ಕೇಳುವಂಥದು. ಸಂಜೆ ಜಿಮ್ನಾಸಿಯಮ್ಮಿನ ಮೆಟ್ಟಿಲ ಕೆಳಗೆ ಅಭ್ಯಾಸ ನಡೆಯುತ್ತಿದ್ದಾಗ ಅವಳು ಕಣ್ಣು ಮುಚ್ಚಿ, ಕುತ್ತಿಗೆ ಎತ್ತಿ, ಹಾಡಿನಲ್ಲಿ ಹೊಳೆ ಸಮುದ್ರ ಸೇರುವ ಸಾಲನ್ನು ಎಲ್ಲರಿಗಿಂತ ಅರ್ಧ ಮಾತ್ರೆ ಮೊದಲೇ ಸಮುದ್ರಕ್ಕೆ ಸೇರಿಸಿಬಿಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಮತ್ತೆ ಹಾಡುತ್ತಿದ್ದಳು. ಯಾರಿಗೂ ಅದು ತೊಂದರೆಯಾಗಿರಲಿಲ್ಲ. ತೊಂದರೆ ಕಡ್ಡಿ ಹಿಡಿದವನಿಗೆ. ಅವನಿಗೆ ಗೆಲ್ಲಬೇಕಿತ್ತು. ಸ್ಪರ್ಧೆಯ ಹಿಂದಿನ ದಿನ, ಚಪ್ಪಲಿ ಗೂಡುಗಳ ಮುಂದೆ, ಅವಳು ಬಗ್ಗಿ ಹಿಮ್ಮಡಿ ಶೂಗೆ ತುರುಕುತ್ತಿದ್ದಾಗ, ಅವಳ ಕುತ್ತಿಗೆಯ ಹಿಂಭಾಗವನ್ನು ನೋಡುತ್ತ ಹೇಳಿದ: “ನಾಳೆ ನೀನು ಬಾಯಿ ಮಾತ್ರ ಆಡಿಸ್ತೀಯಾ? ದನಿ ಬೇಡ. ನಾನಲ್ಲ, ಎಲ್ಲರೂ ಹಾಗೆ ಹೇಳ್ತಿದಾರೆ.” ಎಲ್ಲರೂ ಎಂದದ್ದು ಸುಳ್ಳು. ಶೂ ಹೊಕ್ಕರೂ ಅವಳು ಬಗ್ಗಿಯೇ ಇದ್ದಳು. ಆಮೇಲೆ ನೆಟ್ಟಗಾಗಿ, “ಹಾಗೆ ಮಾಡಿದ್ರೆ ಗೆಲ್ತೀವಾ?” ಎಂದಳು. “ಗೆಲ್ತೀವಿ.” “ಸರಿ ಹಾಗಾದ್ರೆ.” ಮರುದಿನ ಅವನ ಕಣ್ಣೆದುರಿಗೇ, ಎರಡು ಮಾರಿನ ದೂರದಲ್ಲಿ, ಅವಳ ಬಾಯಿ ಎಲ್ಲರಿಗಿಂತ ದೊಡ್ಡದಾಗಿ ತೆರೆದು ಮುಚ್ಚುತ್ತಿತ್ತು. ಬಹುಮಾನ ಬಂತು. ಎಲ್ಲರೂ ತಬ್ಬಿಕೊಂಡು ಅತ್ತರು. ಅವಳೂ ಅತ್ತಳು, ಅವನ ತೋಳು ಅಲುಗಿಸಿ, “ಗೆದ್ವಿ ಕಣೋ, ಗೆದ್ವಿ!” ಎಂದು ಕುಣಿದಳು. ಮರುದಿನದಿಂದ ಕೆಂಪು ಶುಂಠಿ ಅವನ ಮೇಜಿಗೆ ಬರಲಿಲ್ಲ. ಬಂದಿತ್ತೇನೋ, ಅವನೇ ಬೇಗ ಊಟ ಮುಗಿಸಿ ಹೊರಗೆ ಹೋಗತೊಡಗಿದ್ದನೇನೋ. ಎಷ್ಟು ನೆನೆದರೂ ಅದು ಮಾತ್ರ ಸ್ಪಷ್ಟವಾಗುವುದಿಲ್ಲ.

ಸ್ಕರ್ಟಿನ ಹದಿನೇಳನೆಯ ನೆರಿಗೆ ಅಡ್ಡ ಹೋಗಿತ್ತು. ಒದ್ದೆ ಮಾಡಿ ಮತ್ತೆ ತಿದ್ದುತ್ತಿದ್ದಾಗ ಬಾಗಿಲ ಗಂಟೆ ಕಿಣಿಕಿಣಿಯೆಂದಿತು. ಮೂರು ಗಂಟೆಯ ಬಿಸಿಲು ಒಳಗೆ ನುಗ್ಗಿತು. ಕುಳ್ಳಗಿನ ಹೆಂಗಸು, ಬೆಳ್ಳಗಾದ ಕೂದಲು ಕತ್ತರಿಸಿಕೊಂಡವಳು, ಬಿಸಿಲ ಟೊಪ್ಪಿಗೆ ಕೈಯಲ್ಲಿ. ಚೀಲದಿಂದ ಕಡುನೀಲಿ ಫ್ರಾಕೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು.

“ನಾಳೆ ಬೆಳಗ್ಗೆಗೆ ಬೇಕಿತ್ತು. ಚೀಲದಲ್ಲಿ ಮಡಿಚಿ ತಂದೆ, ಮುದುರಿಹೋಗಿದೆ. ನೆರಿಗೆ ವಿಷಯದಲ್ಲಿ ನಾನು ಯಾವಾಗ್ಲೂ ಅಷ್ಟೆ ಅಲ್ವಾ?”

ಇಸ್ತ್ರಿ ಒಂದು ಬದಿಯಲ್ಲಿ ಬುಸ್ಸೆಂದು ಉಗಿ ಬಿಟ್ಟಿತು.

“ಯಾಕೋ, ದೆವ್ವ ನೋಡಿದ ಹಾಗೆ ನೋಡ್ತೀಯಾ?” ಅವಳು ನಕ್ಕಳು. “ಬೋನ್ ಹಬ್ಬಕ್ಕೆ ಸತ್ತವರು ಮನೆಗೆ ಬರೋದು ವಾಡಿಕೆ ತಾನೆ? ನಾನೂ ಬಂದೆ.”

“ಕಯೋಕೊ,” ಎಂದ.

“ಕಾರ್ಡು ಬಂತಾ?”

“ಬಂತು.”

“ನಗು ಬರಲಿಲ್ವಾ ನಿಂಗೆ? ಗೆರೆ ಎಳೀತಾ ನಾನಂತೂ ಒಬ್ಬಳೇ ಬಿದ್ದು ಬಿದ್ದು ನಕ್ಕೆ.”

ಗಿರಾಕಿಗಳಿಗೆಂದು ಇಟ್ಟ ಮಣೆಯ ಮೇಲೆ ಅವಳು ಕುಳಿತಳು. ಸರಿಯಾಗಿ ಅವಳ ನೆತ್ತಿಯ ಮೇಲೆ ಕಪಾಟು. ನೇರಳೆ ಬಟ್ಟೆಯ ಒಂದು ಮೂಲೆ ಡಬ್ಬದ ಹಿಂದಿನಿಂದ ಹೊರಗೆ ಇಣುಕಿತ್ತು. ಅತ್ತ ತನ್ನ ಕಣ್ಣು ಹೋಗಬಾರದೆಂದು ಕುನಿಯೊ ಫ್ರಾಕನ್ನು ಮೇಜಿನ ಮೇಲೆ ಹರಡಿಕೊಂಡ. ಅವಳು ಹೇಳುತ್ತಿದ್ದಳು: ಅಣ್ಣ ಸೆಂದಾಯ್‌ನಲ್ಲಿ ಮಗನ ಮನೆ ಸೇರಿದ ಮೇಲೆ ಇಲ್ಲಿಯ ಮನೆಗೆ ಬೀಗ. ಈ ವಸಂತದಲ್ಲಿ ಸಾಮಾನು ತೆಗೆಯಲು ಬಂದಾಗ ಮೇಜಿನ ಸೆಳೆಖಾನೆಯಲ್ಲಿ ಕೂಟದ ಹೆಸರುಗಳ ಪುಸ್ತಕ ಸಿಕ್ಕಿತು. ಮಸುಮಿ ಅಂಚೆಯಲ್ಲಿ ಅಣ್ಣನಿಗೆ ಕಳಿಸಿದ್ದು. ಒಂಬತ್ತನೆಯ ಹೆಸರಿನ ಮುಂದೆ ‘ದಿವಂಗತ’. ಕೊನೆಯ ಪುಟದಲ್ಲಿ ಮುಂದಿನ ಕೂಟದ ದಿನಾಂಕ. ಜೊತೆಗೆ ಮಸುಮಿಯ ಒಂದು ಚೀಟಿ.

“ಅಣ್ಣಂಗೆ ಫೋನ್ ಮಾಡಿ ಕೇಳಿದೆ, ಏನಣ್ಣ ಇದು, ಐದು ವರ್ಷದಿಂದ ನಾನು ಸತ್ತು ಬಿದ್ದಿದೀನಲ್ಲ, ಒಂದು ಮಾತು ಹೇಳಬಾರದಾ ಅಂತ. ಅವನೇನಂದ ಗೊತ್ತಾ? ‘ಅಷ್ಟು ಜನ ಸೇರಿ ಅಷ್ಟು ಪ್ರೀತಿಯಿಂದ ಬರೆದಿದಾರೆ, ಇಲ್ಲ ತಪ್ಪು ಅಂದ್ರೆ ಅವರಿಗೆ ಮುಜುಗರ ಆಗಲ್ವಾ’ ಅಂತ!” ಅವಳು ತೊಡೆ ತಟ್ಟಿಕೊಂಡು ನಕ್ಕಳು. “ಯಾರಿಗೂ ಮುಜುಗರ ಆಗಬಾರದು ಅಂತ ನಾನು ಸತ್ತೇ ಇರಬೇಕಾಯ್ತು ನೋಡು.”

ಮಸುಮಿಯ ಚೀಟಿ. ಊದುಬತ್ತಿಯನ್ನು ನೇರಳೆ ಬಟ್ಟೆಯಲ್ಲಿ ಕಟ್ಟಿ ಕುನಿಯೊನ ಕೈಯಲ್ಲಿ ಕಳಿಸಿದ್ದೇವೆ ಎಂದು ಅದರಲ್ಲಿ ಇದ್ದೇ ಇರುತ್ತದೆ. ಅವನು ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದ. ಈಗ. ಎಲ್ಲ ಬಿಟ್ಟು ಈಗ. “ಆ ಊದುಬತ್ತಿ…” ಎಂದು ಶುರು ಮಾಡಿದ.

“ಹ್ಞಾಂ, ಅದನ್ನೂ ಹೇಳಿದ,” ಅವಳು ನಡುವೆಯೇ ಅಂದಳು. ಸ್ವಲ್ಪ ಜೋರಾಗಿ, ಸ್ವಲ್ಪ ಬೇಗ. ಟೊಪ್ಪಿಗೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. “ನೀನೇ ಮನೆಗೆ ಬಂದು ಕೊಟ್ಟೆಯಂತೆ. ನಿನ್ನ ನೋಡಿ ಅವನಿಗೆ ಅಳು ಬಂತಂತೆ. ಬದುಕಿರೋ ತಂಗಿಗೆ ಊದುಬತ್ತಿ ತಗೊಂಡು ಏನು ಮಾಡೋದು ಅಂತ ತೋಚದೆ ಸುಮ್ಮನೆ ಇಸ್ಕೊಂಡನಂತೆ. ತಪ್ಪು ಅವನದೇ ಕಣೋ. ನಾಳೆ ಎಲ್ಲರಿಗೂ ನಾನು ಹಾಗೇ ಹೇಳ್ತೀನಿ.”

ಅವನು ತಲೆಯೆತ್ತಿದ. ಅವಳು ಅವನನ್ನು ನೋಡಲಿಲ್ಲ. ಕಪಾಟಿನ ಕಡೆಗೂ ನೋಡಲಿಲ್ಲ. ಬಾಗಿಲಾಚೆಯ ಬೀದಿಯನ್ನು ನೋಡುತ್ತಿದ್ದಳು. ಒಳಗೆ ಬಂದು ಕೂರುವ ಮೊದಲೇ ಆ ನೇರಳೆ ಮೂಲೆ ಅವಳ ಕಣ್ಣಿಗೆ ಬಿದ್ದಿರಬೇಕು, ಇಲ್ಲವೆ ಬೀಳದೆಯೂ ಎಲ್ಲ ತಿಳಿದಿರಬೇಕು. ಅವನು ಹೇಳಬೇಕಾಗಿದ್ದ ಸುಳ್ಳನ್ನು ಅವಳೇ ಹೊತ್ತುಕೊಂಡು, ಮಡಿಚಿ, ಅವನ ಕೈಗೆ ಕೊಟ್ಟಿದ್ದಳು. ತೆಗೆದುಕೊಳ್ಳದಿದ್ದರೆ ಅವಳಿಗೆ ಮುಜುಗರ. ಇದಕ್ಕಿಂತ ಅವಳು ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಅವನಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು, ಉಗಿಗೆ ಕಣ್ಣು ಉರಿದಂತೆ ತೋಳಿನಿಂದ ಮುಖ ಒರೆಸಿಕೊಂಡ.

“ಕಯೋಕೊ, ಆ ಸಂಗೀತ ಸ್ಪರ್ಧೆ… ಹಿಂದಿನ ದಿನ ಚಪ್ಪಲಿ ಗೂಡಿನ ಹತ್ರ…”

“ಅಯ್ಯೋ, ಅದನ್ನ ಮರೆಯೋಕಾಗುತ್ತಾ! ನಾವು ಗೆದ್ವಲ್ಲ!” ಅವಳ ಮುಖ ನಿಜವಾಗಿಯೇ ಅರಳಿತು. ಅದರಲ್ಲಿ ನಟನೆ ಇರಲಿಲ್ಲ, ಅವನು ಹುಡುಕಿ ನೋಡಿದ. “ನಮ್ಮ ಮನೆಯವರು ಆಸ್ಪತ್ರೇಲಿ ಇದ್ದಾಗ ದಿನಾ ಅದೇ ಕಥೆ ಹೇಳ್ತಿದ್ದೆ. ಹೈಬಾರಾ, ಬ್ರೆಡ್ಡು, ಹಿಮ, ನಿನ್ನ ಕಡ್ಡಿ. ‘ನಿನಗೆ ಶಾಲೆ ಬಿಟ್ಟರೆ ಬೇರೆ ಬದುಕೇ ಇರಲಿಲ್ವೇನೇ’ ಅಂತ ಅವರು ರೇಗಿಸೋರು. ಇರಲಿಲ್ಲ ಅನ್ಸುತ್ತೆ.” ಸ್ವಲ್ಪ ತಡೆದು, “ನನಗೂ ಕರೆಯೋಲೆ ಬರುತ್ತೇನೋ ಅಂತ ಈ ಸಲವೂ ಕಾದೆ ಕಣೋ. ಸತ್ತಿದೀನಿ ಅಂತ ಗೊತ್ತಿದ್ದೂ ಕಾದೆ. ಎಂಥ ಹುಚ್ಚು ನೋಡು,” ಎಂದಳು.

ಅವನು ಫ್ರಾಕನ್ನು ಹ್ಯಾಂಗರಿಗೆ ಹಾಕಿ, ಪ್ಲಾಸ್ಟಿಕ್ಕು ತೊಡಿಸಿ ಕೊಟ್ಟ. ನೆರಿಗೆಗಳು ನೆಟ್ಟಗಿದ್ದವು. ಚೆನ್ನಾಗಿದೆ, ಎಂದಳು. ಬಾಗಿಲಲ್ಲಿ ಟೊಪ್ಪಿಗೆ ಹಾಕಿಕೊಂಡು ನಾಳೆ ಸಿಗೋಣ ಎಂದಳು. ಕ್ಷಮಿಸು ಎಂಬ ಮಾತು ಅವನ ಗಂಟಲಲ್ಲಿ ಬಂದು, ಅಲ್ಲಿಯೇ ಮಂಡಿಯೂರಿ ಕುಳಿತಿತು. ಸಂಜೆ ಮನೆಯ ಮುಂದೆ ಪಿತೃಗಳನ್ನು ಕರೆಯುವ ಬೆಂಕಿ ಹಾಕುವಾಗ ನೊಬುಯೊ ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡಿದ್ದಳು, ಬರುವವರು ಬೇಗ ಬರಲೆಂದು. ಬದನೆಕಾಯಿಗೆ ಚುಚ್ಚಿ ಹಸು ಮಾಡಿದ್ದಳು, ಹೋಗುವವರು ನಿಧಾನವಾಗಿ ಹೋಗಲೆಂದು. “ಇನ್ನೊಂದು ಎಲೆ ಜಾಸ್ತಿ ಯಾರಿಗ್ರೀ?” ಎಂದು ಕೇಳಿದಳು. ಅವನು ಆಗ ಎಲ್ಲವನ್ನೂ ಹೇಳಿದ. ಕಾರ್ಡು, ಗೇಟು, ಗಂಟು. ಅವಳು ಬೆಂಕಿಗೆ ಸೆಣಬಿನ ಕಡ್ಡಿ ಮುರಿದು ಹಾಕುತ್ತ, “ಅವಳೇ ಮುಚ್ಚಿಹಾಕಿದ ಮೇಲೆ ನೀವು ಬಾಯಿ ಬಿಟ್ರೆ ಅವಳೇ ಸುಳ್ಳಿ ಆಗ್ತಾಳೆ. ಇನ್ನು ನೀವು ಮಾಡೋಕೆ ಏನೂ ಉಳಿದಿಲ್ಲ,” ಎಂದಳು. ಅದು ಸಮಾಧಾನದ ಮಾತೋ ಬೈಗುಳವೋ ಅವನಿಗೆ ತಿಳಿಯಲಿಲ್ಲ.

ಮರುದಿನ ಛತ್ರದ ಮೇಲಂತಸ್ತಿನಲ್ಲಿ ಮಸುಮಿ ಕಿರುಚಿದ ರಭಸಕ್ಕೆ ಕೆಳಗಿನ ಅಡುಗೆಯವರು ಓಡಿ ಬಂದರು. ದೆವ್ವಕ್ಕೆ ಕಾಲಿರುವುದಿಲ್ಲವೆಂದು ಯಾರೋ “ಕಾಲಿದೆಯಾ ನೋಡ್ರೋ, ಕಾಲು ನೋಡ್ರೋ!” ಎಂದು ಕೂಗಿದರು. ಕಯೋಕೊ ಕಡುನೀಲಿ ಫ್ರಾಕಿನ ಅಂಚನ್ನು ಚೂರು ಎತ್ತಿ, ಕಾಲುಚೀಲದ ಬೆರಳುಗಳನ್ನು ಆಡಿಸಿ ತೋರಿಸಿದಳು. ಇಡೀ ಕೋಣೆ ನಕ್ಕಿತು, ಅತ್ತಿತು, ಅವಳ ಕೆನ್ನೆ ಹಿಂಡಿತು. ಅವಳು ಮಂಡಿಯೂರಿ, ಬದುಕಿದ್ದು ಎಲ್ಲರಿಗೂ ತೊಂದರೆ ಕೊಟ್ಟೆ, ತಪ್ಪು, ಬಾಯಿ ಬಿಡದ ನಮ್ಮಣ್ಣನದು ಎಂದು ತಲೆಬಾಗಿದಳು. ಊದುಬತ್ತಿಯ ಕಥೆಯನ್ನೂ ಅಂಗಡಿಯಲ್ಲಿ ಹೇಳಿದಂತೆಯೇ ಹೇಳಿದಳು. “ನಮ್ಮ ಕಡ್ಡಿಗೆ ಪಾಪ ಎಷ್ಟು ಸಂಕಟ ಆಗಿರಬೇಡ!” ಎಂದು ಮಸುಮಿ ಅವನ ಬೆನ್ನು ತಟ್ಟಿದಳು. ಎಲ್ಲರೂ ತಟ್ಟಿದರು. ಅವನು ಮೂರು ಹೆಸರು ಓದಿದ. ಮೂರೇ. ಎಲ್ಲರೂ ಒಂದು ನಿಮಿಷ ನಿಂತರು. ಹೈಬಾರಾನ ಹೆಸರಿಗೆ ಕಯೋಕೊಳ ಭುಜ ಕುಲುಕಿತು.

ಊಟವಾದ ಮೇಲೆ ಹಾಡು. ಅದು ಪ್ರತಿ ಸಲದ ಕ್ರಮ. ಯಾರೋ ಅವನ ಕೈಗೆ ಊಟದ ಕಡ್ಡಿ ಕೊಟ್ಟರು, ಎಲ್ಲರೂ ಹಳೆಯ ಸಾಲುಗಳಲ್ಲಿ ನಿಂತರು, ಸತ್ತವರ ಮತ್ತು ಬಾರದವರ ಜಾಗ ಹಾಗೆಯೇ ಬಿಟ್ಟು. ಮೊದಲ ಸಾಲಿನಲ್ಲಿ ಮಸುಮಿ, ಅವಳ ಪಕ್ಕಕ್ಕೆ ಕಯೋಕೊ, ಅವಳ ಪಕ್ಕಕ್ಕೆ ಬ್ಯಾಂಕಿನಿಂದ ನಿವೃತ್ತನಾದ ಶಿಬಾತಾ. ಕುನಿಯೊ ಕಡ್ಡಿ ಎತ್ತಿದ. ಐವತ್ತೊಂಬತ್ತರ ಒಡಕು ದನಿಗಳು ಒಟ್ಟಾಗಿ ಎದ್ದವು. ಅವನಿಗೆ ಒಮ್ಮೆಲೇ ಒಂದು ಆಸೆ ಬಂತು: ಹೊಳೆ ಸಮುದ್ರ ಸೇರುವ ಸಾಲಿನಲ್ಲಿ ಈಗ ಅವಳ ದನಿ ಅರ್ಧ ಮಾತ್ರೆ ಮೊದಲೇ ಎದ್ದುಬಿಡುತ್ತದೆ, ಎಲ್ಲ ಕೆಡುತ್ತದೆ, ಎಲ್ಲರೂ ನಗುತ್ತಾರೆ, ಮತ್ತೆ ಮೊದಲಿನಿಂದ ಹಾಡುತ್ತಾರೆ. ಆ ಸಾಲು ಬಂತು. ಎಲ್ಲರೂ ಒಟ್ಟಿಗೆ ಸಮುದ್ರ ಸೇರಿದರು. ಹಾಡು ಕೆಡಲಿಲ್ಲ.

ಅವಳ ಬಾಯಿ ಎಲ್ಲರಿಗಿಂತ ದೊಡ್ಡದಾಗಿ, ಪ್ರತಿ ಅಕ್ಷರಕ್ಕೂ ಸರಿಯಾಗಿ ತೆರೆದು ಮುಚ್ಚುತ್ತಿತ್ತು. ಕಣ್ಣಲ್ಲಿ ನೀರಿತ್ತು, ಸಂತೋಷವಿತ್ತು. ಕುನಿಯೊ ಕಡ್ಡಿಯಾಡಿಸುತ್ತಲೇ ಒಂದು ಹೆಜ್ಜೆ ಮುಂದೆ ಬಂದ, ಇನ್ನೊಂದು ಹೆಜ್ಜೆ, ಅವಳ ಮುಖಕ್ಕೆ ಒಂದು ಮೊಳ ಉಳಿಯುವವರೆಗೆ. ಮಸುಮಿಯ ದನಿ ಕೇಳಿಸಿತು. ಶಿಬಾತಾನ ದನಿ ಕೇಳಿಸಿತು. ಎರಡರ ನಡುವೆ ಏನೂ ಇರಲಿಲ್ಲ. ಕೈ ನಿಲ್ಲಿಸಬಹುದಿತ್ತು, ನಿಲ್ಲಿಸಿದರೆ ಎಲ್ಲರೂ ನಿಲ್ಲುತ್ತಾರೆ, ಯಾಕೆಂದು ಕೇಳುತ್ತಾರೆ, ಅವಳನ್ನು ನೋಡುತ್ತಾರೆ. ಅವನ ಕೈ ಆಡುತ್ತಲೇ ಇತ್ತು.

“ಹಾಡು, ಕಯೋಕೊ,” ಎಂದ. “ದನಿ ಬಿಟ್ಟು ಹಾಡು.”

ಇಪ್ಪತ್ತೊಂದು ಗಂಟಲುಗಳ ನಡುವೆ ಅವನ ಮಾತು ಅವನಿಗೇ ಕೇಳಲಿಲ್ಲ. ಅವನ ತುಟಿ ಅಲುಗಿದ್ದನ್ನು ಮಾತ್ರ ಅವಳು ನೋಡಿದಳು. ತಿಳಿಯಿತೆಂಬಂತೆ ತಲೆಯಾಡಿಸಿ, ಅವನಿಗೆ ಧೈರ್ಯ ಹೇಳುವವಳಂತೆ ನಕ್ಕು, ಬಾಯಿಯನ್ನು ಇನ್ನಷ್ಟು ಅಗಲವಾಗಿ ತೆರೆದಳು.